ಪರೀಕ್ಷೆ ಆಗಿದ್ದು ಒಂದು ಜಾರ್, ಹೊರಗೆ ಹೋಗಿದ್ದು ಇನ್ನೊಂದು

ಪ್ರಶ್ನೆ: ನಮ್ಮದು ಏಳು ಜನರ ತಂಡ. ಮೇವನ್ ಅನ್ನುವ ಬಿಲ್ಡ್ ಸಾಧನದಿಂದ ಜಾವಾ ಲೈಬ್ರರಿಗಳನ್ನು (ಬೇರೆ ಪ್ರೋಗ್ರಾಂಗಳು ಬಳಸುವ ಕೋಡಿನ ಗಂಟು, ಅಂದರೆ ಜಾರ್ ಫೈಲುಗಳು) ಮಾಡುತ್ತೇವೆ. ಕಂಪನಿಯ ಬೇರೆ ತಂಡಗಳು ಅವನ್ನು ನಮ್ಮ ನೆಕ್ಸಸ್ 3 ಅನ್ನುವ ಭಂಡಾರದ ಸರ್ವರ್‌ನಿಂದ ತೆಗೆದುಕೊಳ್ಳುತ್ತವೆ. ಎರಡು ಲೈಬ್ರರಿಗಳು ಸಾರ್ವಜನಿಕ ಭಂಡಾರವಾದ ಮೇವನ್ ಸೆಂಟ್ರಲ್‌ಗೂ ಹೋಗುತ್ತವೆ. ಈಚೆಗೆ 3.2.0 ಬಿಟ್ಟಾಗ ಪಾಮ್ ಫೈಲಿನಲ್ಲಿ (ಲೈಬ್ರರಿಯ ವಿವರ ಬರೆದಿಡುವ ಫೈಲ್) ಒಂದು ಡಿಪೆಂಡೆನ್ಸಿ, ಅಂದರೆ ಜೊತೆಗೆ ಬೇಕಾದ ಇನ್ನೊಂದು ಲೈಬ್ರರಿಯ ಹೆಸರು, ತಪ್ಪಿಹೋಗಿತ್ತು. ಸರಿಮಾಡಿ ನಮ್ಮ ನೆಕ್ಸಸ್‌ನಲ್ಲಿ ಅದೇ ನಂಬರಿಗೆ ಮತ್ತೆ ಹಾಕಿದೆವು. ಈಗ ಕೆಲವರಿಗೆ ಕೆಲಸ ಮಾಡುತ್ತಿದೆ, ಕೆಲವರಿಗೆ ಇಲ್ಲ. ಇದಾದ ಮೇಲೆ ಒಂದು ಸ್ಟೇಜಿಂಗ್ ರೆಪೊ (ಬಿಡುವ ಮುಂಚೆ ಇಟ್ಟು ನೋಡುವ ಭಂಡಾರ) ಮಾಡಿಕೊಂಡಿದ್ದೇವೆ. ಅಲ್ಲಿಗೆ ಆರ್‌ಸಿ1, ಆರ್‌ಸಿ2 (ರಿಲೀಸ್ ಅಭ್ಯರ್ಥಿ 1, 2) ಅಂತ ಹಾಕಿ ಪರೀಕ್ಷೆ ಮಾಡುತ್ತೇವೆ. ಓಕೆ ಅನಿಸಿದರೆ ಗಿಟ್ ಟ್ಯಾಗ್‌ನಿಂದ (ಕೋಡಿನ ಆ ಸ್ಥಿತಿಗೆ ಹಾಕಿದ ಗುರುತು) ಮತ್ತೆ ಬಿಲ್ಡ್ ಮಾಡಿ ರಿಲೀಸ್ ರೆಪೊಗೆ ಕಳಿಸುತ್ತೇವೆ. ಇಷ್ಟು ಸಾಕಾ? ಇನ್ನೂ ಏನು ಸೆಟ್ ಮಾಡಬೇಕು?

ಉತ್ತರ: ಸಾಲದು. ಆದರೆ ನೀವು ಅರ್ಧ ದಾರಿ ಬಂದಿದ್ದೀರಿ.

ಮೊದಲು 3.2.0 ಗೋಜಲನ್ನು ಬಿಡಿಸೋಣ. ಸ್ಟೇಜಿಂಗ್ ಯಾಕೆ ಬೇಕು ಅನ್ನುವುದಕ್ಕೆ ಕಾರಣವೂ ಅಲ್ಲೇ ಇದೆ.

ಮೇವನ್ ಒಂದು ನಂಬಿಕೆಯ ಮೇಲೆ ನಡೆಯುತ್ತದೆ. ರಿಲೀಸ್ ಆದ ವರ್ಷನ್ ಯಾವತ್ತೂ ಬದಲಾಗುವುದಿಲ್ಲ ಎಂಬ ನಂಬಿಕೆ ಅದು. ಸ್ನ್ಯಾಪ್‌ಶಾಟ್ (ಇನ್ನೂ ಬದಲಾಗುತ್ತಿರುವ ಕರಡು ವರ್ಷನ್) ಆದರೆ ಹೊಸದು ಬಂದಿದೆಯಾ ಅಂತ ಆಗಾಗ ಸರ್ವರನ್ನು ಕೇಳುತ್ತದೆ. ರಿಲೀಸ್ ಹಾಗಲ್ಲ. ಒಂದು ಸಲ 3.2.0 ಇಳಿದು ಎಂ2 ಫೋಲ್ಡರ್‌ನಲ್ಲಿ (ಇಳಿಸಿದ್ದನ್ನು ಮೇವನ್ ನಮ್ಮ ಯಂತ್ರದಲ್ಲೇ ಕೂಡಿಡುವ ಜಾಗ) ಕೂತಿತು ಅಂದರೆ ಮುಗಿಯಿತು, ಮತ್ತೆ ಕೇಳುವುದೇ ಇಲ್ಲ. ಹಾಗಾಗಿ ನೀವು ಸರಿಪಡಿಸುವ ಮೊದಲು ಇಳಿಸಿಕೊಂಡವರ ಹತ್ತಿರ ಹಳೆಯ 3.2.0 ಇದೆ. ಆಮೇಲೆ ಇಳಿಸಿಕೊಂಡವರ ಹತ್ತಿರ ಹೊಸ 3.2.0 ಇದೆ. ಇಬ್ಬರೂ ಪ್ರಾಮಾಣಿಕವಾಗಿ "ನನ್ನದು 3.2.0" ಅನ್ನುತ್ತಾರೆ. ಈ ಜಗಳ ಬಗೆಹರಿಯುವಂಥದ್ದಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ವರ್ಷನ್ ನಂಬರ್ ಕೂಡ ಆ ಜಾತಿಗೇ ಸೇರಿದ್ದು.

ಇವತ್ತೇ ಎರಡು ಕೆಲಸ ಮಾಡಿ. ಸರಿಪಡಿಸಿದ್ದನ್ನು 3.2.1 ಅಂತ ಬಿಡಿ, 3.2.0 ಬಳಸಬೇಡಿ ಅಂತ ಎಲ್ಲ ತಂಡಗಳಿಗೂ ತಿಳಿಸಿ. ಆಮೇಲೆ ನೆಕ್ಸಸ್‌ನಲ್ಲಿ ರಿಲೀಸ್ ರೆಪೊದ ಡೆಪ್ಲಾಯ್‌ಮೆಂಟ್ ಪಾಲಿಸಿಯನ್ನು ನೋಡಿ. ಒಂದೇ ನಂಬರಿಗೆ ಎರಡನೇ ಸಲ ಹಾಕಲು ಸರ್ವರ್ ಬಿಟ್ಟಿದೆ ಅಂದರೆ ಅಲ್ಲಿ "ರೀಡೆಪ್ಲಾಯ್‌ಗೆ ಅನುಮತಿ ಇದೆ" ಅಂತಲೇ ಇರುತ್ತದೆ. ಅದನ್ನು ಮುಚ್ಚಿ. ಇದನ್ನು ತಂಡದ ಶಿಸ್ತಿಗೆ ಬಿಡಬೇಡಿ. ರಾತ್ರಿ ಹನ್ನೊಂದಕ್ಕೆ ಯಾರದೋ ಬಿಲ್ಡ್ ಕೈಕೊಟ್ಟಾಗ ಶಿಸ್ತು ನೆನಪಿಗೆ ಬರುವುದಿಲ್ಲ.

ಮೇವನ್ ಸೆಂಟ್ರಲ್‌ನಲ್ಲಿ ಈ ಆಯ್ಕೆಯೇ ಇಲ್ಲ. ಅಲ್ಲಿಗೆ ಹೋದದ್ದನ್ನು ಬದಲಾಯಿಸಲೂ ಆಗದು, ಅಳಿಸಲೂ ಆಗದು. ಇದು ಅವರ ಮೊಂಡುತನ ಅಲ್ಲ. ಲಕ್ಷಾಂತರ ಬಿಲ್ಡ್‌ಗಳು ಅದನ್ನು ನಂಬಿಕೊಂಡಿವೆ.

ಈಗ ನಿಮ್ಮ ನಿಜವಾದ ಸಮಸ್ಯೆಗೆ ಬರೋಣ. "ಓಕೆ ಅನಿಸಿದರೆ ಟ್ಯಾಗ್‌ನಿಂದ ಮತ್ತೆ ಬಿಲ್ಡ್ ಮಾಡುತ್ತೇವೆ" ಅಂದಿರಲ್ಲ, ಆ ಸಾಲು ಓದಿ ನಾನು ತಲೆ ಕೆರೆದುಕೊಂಡೆ. ಹಾಗಾದರೆ ನೀವು ಪರೀಕ್ಷೆ ಮಾಡಿದ್ದು ಯಾವುದನ್ನು? ಆರ್‌ಸಿ2 ಜಾರನ್ನು. ಜನರಿಗೆ ಕೊಟ್ಟಿದ್ದು? ಯಾರೂ ಮುಟ್ಟಿ ನೋಡದ ಇನ್ನೊಂದು ಜಾರನ್ನು. ಕೋಡ್ ಒಂದೇ, ಟ್ಯಾಗ್ ಒಂದೇ, ಸರಿ. ಆದರೆ ಬಿಲ್ಡ್ ಅನ್ನುವುದು ಕೋಡ್ ಒಂದರಿಂದಲೇ ಆಗುವುದಿಲ್ಲ. ಜೆಡಿಕೆ (ಜಾವಾ ಕಂಪೈಲರ್ ಇರುವ ಕಿಟ್), ಮೇವನ್ ಪ್ಲಗಿನ್‌ಗಳು, ನಂಬರ್ ಕಟ್ಟದೆ ಬಿಟ್ಟ ಡಿಪೆಂಡೆನ್ಸಿ, ಯಂತ್ರದ ಎನ್‌ಕೋಡಿಂಗ್, ಯಾರೋ ಬಿಟ್ಟುಹೋದ ಎನ್‌ವಿರಾನ್‌ಮೆಂಟ್ ವೇರಿಯಬಲ್, ಇವೆಲ್ಲ ಸೇರಿ ಒಂದು ಜಾರ್ ಆಗುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡದಲ್ಲಿ ನಿಮ್ಮದೇ ಪದ್ಧತಿ ಇತ್ತು. ಗುರುವಾರ ಆರ್‌ಸಿ ಪರೀಕ್ಷೆ ಮುಗಿಯಿತು. ಸೋಮವಾರ ಅದೇ ಟ್ಯಾಗ್‌ನಿಂದ ಬಿಲ್ಡ್ ಮಾಡಿ ಹೊರಬಿಟ್ಟೆವು. ನಡುವೆ ವಾರದ ಕೊನೆಗೆ ಯಾರೋ ಸಿಐ ಯಂತ್ರದ (ತಾನಾಗಿ ಬಿಲ್ಡ್ ಮಾಡುವ ಸರ್ವರ್) ಜೆಡಿಕೆಯನ್ನು 8ರಿಂದ 11ಕ್ಕೆ ಏರಿಸಿದ್ದರು. ಒಳ್ಳೆಯ ಉದ್ದೇಶದಿಂದಲೇ. ನಮ್ಮ ಲೈಬ್ರರಿ ಜಾವಾ 8ರಲ್ಲಿ ಓಡಬೇಕಿತ್ತು. ಸೋರ್ಸ್ 8, ಟಾರ್ಗೆಟ್ 8 ಅಂತ ಪಾಮ್‌ನಲ್ಲಿ ಬರೆದೂ ಇದ್ದೆವು. ಬಿಲ್ಡ್ ಹಸಿರು. ಯೂನಿಟ್ ಟೆಸ್ಟ್‌ಗಳೂ ಹಸಿರು, ಯಾಕೆಂದರೆ ಅವು ಓಡಿದ್ದು 11ರ ಮೇಲೆಯೇ. ಜಾವಾ 8ರಲ್ಲಿ ಓಡಿಸಿದವರಿಗೆ ಮಾತ್ರ "ಇಂಥ ಮೆಥಡ್ ಇಲ್ಲ" ಅನ್ನುವ ಎರರ್.

ಕಾರಣ ಗೊತ್ತಾಗಲು ಇಡೀ ದಿನ ಹಿಡಿಯಿತು. ಬೈಟ್‌ಬಫರ್ ಕ್ಲಾಸಿನ ಫ್ಲಿಪ್ ಮೆಥಡ್ ಜಾವಾ 8ರಲ್ಲಿ ಅದರ ತಾಯಿ ಕ್ಲಾಸಾದ ಬಫರ್‌ನಿಂದ ಬರುತ್ತದೆ. ಜಾವಾ 9ರಿಂದ ಬೈಟ್‌ಬಫರ್ ತನ್ನದೇ ಫ್ಲಿಪ್ ಇಟ್ಟುಕೊಂಡಿತು. ಹೊಸ ಜೆಡಿಕೆಯಲ್ಲಿ ಕಂಪೈಲ್ ಆದಾಗ ಕೋಡ್ ಆ ಹೊಸ ಮೆಥಡ್‌ಗೆ ಗಂಟುಬಿತ್ತು. ಹಳೆಯ ಜಾವಾದಲ್ಲಿ ಅದು ಸಿಗಲಿಲ್ಲ. ಟಾರ್ಗೆಟ್ ಬದಲು ಜೆಡಿಕೆ 9ರಲ್ಲಿ ಬಂದ "ರಿಲೀಸ್" ಆಯ್ಕೆಯನ್ನು ಕಂಪೈಲರ್‌ಗೆ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಆ ಪಾಠ ಬೇರೆ. ಗುರುವಾರ ಪರೀಕ್ಷೆ ಮಾಡಿದ ಜಾರನ್ನೇ ಸೋಮವಾರ ಕಳಿಸಿದ್ದರೂ ಇದು ಆಗುತ್ತಿರಲಿಲ್ಲ.

ಹಾಗಾಗಿ ಸ್ಟೇಜಿಂಗ್ ರೆಪೊ ಅಂದರೆ ಪರೀಕ್ಷೆಗೆ ಇನ್ನೊಂದು ಜಾಗ ಅಂತ ತಿಳಿಯಬೇಡಿ. ನಿಜವಾದ ರಿಲೀಸ್, ಅಂದರೆ ಜನರ ಕೈಗೆ ಹೋಗಲಿರುವ ಅದೇ ಫೈಲ್, ಹೊರಗೆ ಹೋಗುವ ಮುಂಚೆ ಕಾಯುವ ಜಾಗ ಅದು. ಒಂದು ಸಲ ಬಿಲ್ಡ್ ಮಾಡಿ. ಅದನ್ನು ಸ್ಟೇಜಿಂಗ್‌ಗೆ ಹಾಕಿ. ಸರಿ ಇದ್ದರೆ ಆ ಫೈಲುಗಳನ್ನೇ ರಿಲೀಸ್ ರೆಪೊಗೆ ಸರಿಸಿ. ಒಂದು ಬೈಟ್ ಕೂಡ ಬದಲಾಗಬಾರದು.

ಇಲ್ಲಿ ನಿಮ್ಮ ಆರ್‌ಸಿ ನಂಬರ್ ಅಡ್ಡಬರುತ್ತದೆ. 3.3.0-ಆರ್‌ಸಿ2 ಅನ್ನುವುದು ಫೈಲಿನ ಹೆಸರಿನಲ್ಲಿದೆ, ಪಾಮ್‌ನಲ್ಲಿದೆ, ಜಾರ್ ಒಳಗಿನ ಮ್ಯಾನಿಫೆಸ್ಟ್ ಅನ್ನುವ ವಿವರ ಫೈಲಿನಲ್ಲೂ ಇರಬಹುದು. ಅದನ್ನು 3.3.0 ಮಾಡಬೇಕು ಅಂದರೆ ಮತ್ತೆ ಬಿಲ್ಡ್ ಮಾಡದೆ ದಾರಿಯಿಲ್ಲ. ಆದ್ದರಿಂದ ಸ್ಟೇಜಿಂಗ್‌ಗೆ ಹೋಗುವ ಜಾರ್‌ಗೆ ಮೊದಲಿನಿಂದಲೇ 3.3.0 ಅಂತಲೇ ಹೆಸರಿಡಿ. ಆರ್‌ಸಿ ಅನ್ನುವುದು ಗಿಟ್ ಟ್ಯಾಗ್‌ನಲ್ಲಿ ಮಾತ್ರ ಇರಲಿ. ಓಪನ್ ಸೋರ್ಸ್ ಸಂಸ್ಥೆಯಾದ ಅಪಾಚೆಯ ಯೋಜನೆಗಳು ಬಹಳ ಕಾಲದಿಂದ ನಡೆಸಿಕೊಂಡು ಬಂದಿರುವುದು ಹೀಗೆಯೇ. ಮತಕ್ಕೆ ಇಟ್ಟಾಗ ಅದನ್ನು ಆರ್‌ಸಿ1, ಆರ್‌ಸಿ2 ಅಂತ ಕರೆಯುತ್ತಾರೆ, ಒಳಗಿನ ಫೈಲುಗಳಿಗೆ ಮಾತ್ರ ಅಂತಿಮ ನಂಬರೇ ಇರುತ್ತದೆ. ಮತ ಗೆದ್ದರೆ ಇದ್ದದ್ದು ಇದ್ದ ಹಾಗೇ ಹೊರಗೆ.

"ರೀಪ್ರೊಡ್ಯೂಸಿಬಲ್ ಬಿಲ್ಡ್ ಮಾಡಿಕೊಂಡರೆ ಎರಡನೇ ಸಲದ ಬಿಲ್ಡೂ ಅದೇ ಬರುತ್ತಲ್ವಾ?" ಅಂತ ನೀವು ಕೇಳಬಹುದು. ಮೇವನ್‌ನಲ್ಲಿ ಔಟ್‌ಪುಟ್ ಟೈಮ್‌ಸ್ಟ್ಯಾಂಪ್ ಅನ್ನುವ ಪ್ರಾಪರ್ಟಿಯನ್ನು ಒಂದೇ ಮೌಲ್ಯಕ್ಕೆ ಕಟ್ಟಿಹಾಕಿ, ಪ್ಲಗಿನ್ ನಂಬರ್‌ಗಳನ್ನೂ ಜೆಡಿಕೆಯನ್ನೂ ಗಟ್ಟಿ ಮಾಡಿದರೆ ಹೆಚ್ಚುಕಡಿಮೆ ಅದು ಸಾಧ್ಯ. ಮಾಡಿಕೊಳ್ಳಿ, ಒಳ್ಳೆಯದೇ. ಇನ್ನೊಂದು ಯಂತ್ರದಲ್ಲಿ ಬಿಲ್ಡ್ ಮಾಡಿ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತು) ತಾಳೆ ನೋಡಬಹುದು. ಆದರೆ ಅದು ಎರಡನೇ ಸಾಕ್ಷಿ ಮಾತ್ರ. ಫೈಲನ್ನೇ ಸರಿಸುವ ಬದಲಿಗೆ ಅದನ್ನು ನಂಬಿಕೊಳ್ಳಬೇಡಿ.

ಮುಂದಿನ ಪ್ರಶ್ನೆ, ಒಂದೇ ಸ್ಟೇಜಿಂಗ್ ರೆಪೊ ಇರಬೇಕಾ, ಅಥವಾ ಪ್ರತಿ ರಿಲೀಸಿಗೂ ಒಂದೊಂದಾ? ನನ್ನ ಮತ ಎರಡನೆಯದಕ್ಕೆ. ಒಂದೇ ದೊಡ್ಡ ರೆಪೊ ಇದ್ದರೆ ಅದು ಬೇಗ ಗೋಡೌನ್ ಆಗುತ್ತದೆ. ಹೋದ ತಿಂಗಳ ಕೈಬಿಟ್ಟ ಪ್ರಯತ್ನದ ಒಂದು ಮಾಡ್ಯೂಲ್, ಈ ವಾರದ ಮೂರು ಮಾಡ್ಯೂಲ್, ಇನ್ಯಾರದೋ ಲೈಬ್ರರಿ, ಎಲ್ಲ ಒಂದೇ ಕಡೆ. ಈ ರಿಲೀಸಿಗೆ ಸೇರಿದ್ದು ಯಾವುದು ಅಂತ ಹೇಳುವವರು ಯಾರು? ನೆಕ್ಸಸ್ 2ರ ಸ್ಟೇಜಿಂಗ್ ಸೌಲಭ್ಯ ಇದನ್ನು ಚೆನ್ನಾಗಿ ಬಿಡಿಸಿತ್ತು. ಅಪ್‌ಲೋಡ್ ಶುರುವಾದ ಕೂಡಲೇ ಒಂದು ತಾತ್ಕಾಲಿಕ ರೆಪೊ ತೆರೆದುಕೊಳ್ಳುತ್ತದೆ. ಎಲ್ಲ ಬಂದ ಮೇಲೆ ಅದನ್ನು ಕ್ಲೋಸ್ ಮಾಡಬೇಕು. ಆಮೇಲೆ ರಿಲೀಸ್ ಇಲ್ಲವೇ ಡ್ರಾಪ್. ನೀವು ಯಾವ ಸಾಫ್ಟ್‌ವೇರ್ ಬಳಸಿದರೂ ಈ ಹಂತಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನೆಕ್ಸಸ್ 3ರಲ್ಲಿ ಸ್ಟೇಜಿಂಗ್ ಮತ್ತು ಟ್ಯಾಗಿಂಗ್ ಹಣ ಕೊಟ್ಟು ಪಡೆಯುವ ಪ್ರೊ ಆವೃತ್ತಿಯಲ್ಲಿ ಮಾತ್ರ ಇವೆ. ಅಲ್ಲಿ ಒಂದು ಬಿಲ್ಡ್‌ನ ಎಲ್ಲ ಫೈಲುಗಳಿಗೆ ಒಂದು ಟ್ಯಾಗ್ ಅಂಟಿಸಿ, ಆ ಟ್ಯಾಗ್ ಇರುವುದನ್ನೆಲ್ಲ ಒಟ್ಟಿಗೆ ಸರಿಸಬಹುದು. ನೆಕ್ಸಸ್‌ನಂಥದೇ ಆದ ಆರ್ಟಿಫ್ಯಾಕ್ಟರಿಯಲ್ಲಿ ಬಿಲ್ಡ್ ಇನ್ಫೊ ಅನ್ನುವ ದಾಖಲೆ ಇದೇ ಕೆಲಸ ಮಾಡುತ್ತದೆ, ಬಿಲ್ಡನ್ನು ಪ್ರಮೋಟ್ ಮಾಡಿದರೆ ಅದಕ್ಕೆ ಸೇರಿದ ಫೈಲುಗಳೆಲ್ಲ ಒಂದು ರೆಪೊದಿಂದ ಇನ್ನೊಂದಕ್ಕೆ ಹೋಗುತ್ತವೆ. ನಿಮ್ಮದು ಉಚಿತ ನೆಕ್ಸಸ್ ಆದರೆ ಸ್ವಲ್ಪ ಕೈಕೆಲಸ ಬೇಕು. ರೆಸ್ಟ್ ಎಪಿಐ ಬಳಸಿ ಪ್ರತಿ ರಿಲೀಸಿಗೂ ಒಂದು ಹೋಸ್ಟೆಡ್ ರೆಪೊ ಹುಟ್ಟಿಸುವ ಸ್ಕ್ರಿಪ್ಟ್ ಬರೆಯಿರಿ. ಪ್ರಮೋಟ್ ಮಾಡುವಾಗ ಇನ್ನೊಂದು ಸ್ಕ್ರಿಪ್ಟ್ ಅಲ್ಲಿಂದ ಫೈಲುಗಳನ್ನು ಇಳಿಸಿ, ಚೆಕ್‌ಸಮ್ ನೋಡಿ, ರಿಲೀಸ್ ರೆಪೊಗೆ ಏರಿಸಲಿ, ಏರಿಸಿದ ಮೇಲೆ ಇನ್ನೊಮ್ಮೆ ಚೆಕ್‌ಸಮ್ ನೋಡಲಿ. ಅಂದವಾಗಿಲ್ಲ, ಒಪ್ಪುತ್ತೇನೆ. ಆದರೆ ಮತ್ತೆ ಬಿಲ್ಡ್ ಮಾಡುವುದಕ್ಕಿಂತ ನೂರು ಪಾಲು ವಾಸಿ.

ಕ್ಲೋಸ್ ಅನ್ನುವ ಹಂತವನ್ನು ಜನ ಸುಮ್ನೆ ಒಂದು ಬಟನ್ ಅಂದುಕೊಳ್ಳುತ್ತಾರೆ. ಅಲ್ಲೇ ಎರಡು ದೊಡ್ಡ ಕೆಲಸ ನಡೆಯಬೇಕು. ಒಂದು, ಆ ಕ್ಷಣದಿಂದ ರೆಪೊಗೆ ಯಾರೂ ಏನೂ ಬರೆಯುವಂತಿಲ್ಲ. ಪರೀಕ್ಷೆ ನಡೆಯುತ್ತಿರುವಾಗ ಕೆಳಗಿನ ಚಾಪೆ ಎಳೆಯಬಾರದಲ್ಲ. ಉಚಿತ ನೆಕ್ಸಸ್‌ನಲ್ಲಾದರೆ ಡೆಪ್ಲಾಯ್‌ಮೆಂಟ್ ಪಾಲಿಸಿಯನ್ನು ರೀಡ್ ಓನ್ಲಿಗೆ ತಿರುಗಿಸಿದರೆ ಆಯಿತು. ಎರಡು, ಯಂತ್ರ ಮಾಡಬಹುದಾದ ತಪಾಸಣೆಗಳೆಲ್ಲ ಇಲ್ಲೇ ಓಡಬೇಕು.

ಮೇವನ್ ಸೆಂಟ್ರಲ್ ಕೇಳುವ ಪಟ್ಟಿ ನಿಮಗೆ ಗೊತ್ತಿರಬೇಕು: ಸೋರ್ಸ್ ಜಾರ್, ಜಾವಾಡಾಕ್ ಜಾರ್, ಪ್ರತಿ ಫೈಲಿಗೂ ಜಿಪಿಜಿ ಸಹಿ (ಯಾರು ಬಿಟ್ಟದ್ದು ಅಂತ ತೋರಿಸುವ ಡಿಜಿಟಲ್ ಸಹಿ) ಮತ್ತು ಚೆಕ್‌ಸಮ್, ಪಾಮ್‌ನಲ್ಲಿ ಹೆಸರು, ವಿವರಣೆ, ಯುಆರ್‌ಎಲ್, ಲೈಸೆನ್ಸ್, ಡೆವಲಪರ್, ಸೋರ್ಸ್ ಇರುವ ಜಾಗ. ಇವಿಷ್ಟೂ ಸರಿಯಿದ್ದು ಲೈಬ್ರರಿ ಪೂರ್ತಿ ಕೆಟ್ಟಿರಬಹುದು. ಹಾಗಾಗಿ ನಿಮ್ಮದೇ ತಪಾಸಣೆ ಸೇರಿಸಿ. ಪಾಮ್‌ನಲ್ಲಿ ಸ್ನ್ಯಾಪ್‌ಶಾಟ್ ಡಿಪೆಂಡೆನ್ಸಿ ಒಂದೂ ಇರಬಾರದು. ಇರಬೇಕಾದ ಮಾಡ್ಯೂಲ್‌ಗಳೆಲ್ಲ ಇವೆಯಾ ಅಂತ ಎಣಿಸಬೇಕು. ಕ್ಲಾಸ್ ಫೈಲಿನ ವರ್ಷನ್ ನೋಡಬೇಕು. ಜಾವಾ 8ಕ್ಕೆ 52, 11ಕ್ಕೆ 55, 17ಕ್ಕೆ 61, 21ಕ್ಕೆ 65. (ಮೇಲಿನ ನನ್ನ ಕಥೆಯಲ್ಲಿ ಈ ತಪಾಸಣೆ ಇದ್ದಿದ್ದರೂ ಪಾಸಾಗುತ್ತಿತ್ತು ಅನ್ನುವುದು ಬೇರೆ ಮಾತು, ಅಲ್ಲಿ 52 ಸರಿಯಾಗಿಯೇ ಇತ್ತು.) ಹಿಂದಿನ ರಿಲೀಸಿಗೆ ಹೋಲಿಸಿದರೆ ಜಾರ್ ಗಾತ್ರ ಅರ್ಧಕ್ಕೆ ಇಳಿದಿದ್ದರೆ ಅಥವಾ ಮೂರುಪಟ್ಟಾಗಿದ್ದರೆ ಮನುಷ್ಯರೊಬ್ಬರನ್ನು ಕರೆಯಬೇಕು. ಈ ಗಾತ್ರದ ತಪಾಸಣೆ ಬರೆಯಲು ಹತ್ತು ನಿಮಿಷ ಸಾಕು. ನನ್ನ ಅನುಭವದಲ್ಲಿ ಅತಿ ಹೆಚ್ಚು ಸಲ ಕೈಹಿಡಿದಿರುವುದೂ ಇದೇ.

ಸಹಿಯನ್ನು ಸ್ಟೇಜಿಂಗ್‌ಗೆ ಹಾಕುವ ಮುಂಚೆಯೇ ಮಾಡಿ. ಪ್ರಮೋಟ್ ಆಗುವಾಗ ಮಾಡೋಣ ಅಂತ ಮುಂದೂಡಿದರೆ ಪರೀಕ್ಷೆ ಆದದ್ದು ಸಹಿ ಇಲ್ಲದ ಗಂಟು, ಹೋದದ್ದು ಸಹಿ ಇರುವ ಗಂಟು ಅಂತಾಗುತ್ತದೆ.

ಈಗ ಪರೀಕ್ಷೆ. ನಿಜವಾದ ಹಳ್ಳಗಳು ಇರುವುದೇ ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ಲೈಬ್ರರಿಯ ಸ್ವಂತ ಯೂನಿಟ್ ಟೆಸ್ಟ್‌ಗಳನ್ನು ಮತ್ತೆ ಓಡಿಸುವುದು ಪರೀಕ್ಷೆ ಅಲ್ಲ. ಅವು ಬಿಲ್ಡ್ ಆಗುವಾಗಲೇ ಓಡಿವೆ. ಹೊರಗಿನವರೊಬ್ಬರು ಇದನ್ನು ಇಳಿಸಿಕೊಂಡು ಬಳಸಿದರೆ ಏನಾಗುತ್ತದೆ ಅನ್ನುವುದೇ ಇಲ್ಲಿ ನೋಡಬೇಕಾದದ್ದು. ನಿಮ್ಮ 3.2.0ರಲ್ಲಿ ಡಿಪೆಂಡೆನ್ಸಿ ತಪ್ಪಿದ್ದು ನಿಮ್ಮ ಟೆಸ್ಟ್‌ಗಳಿಗೆ ಯಾಕೆ ಕಾಣಲಿಲ್ಲ? ಬಹುಶಃ ಅದು ಟೆಸ್ಟ್ ಸ್ಕೋಪ್‌ನಲ್ಲೋ ಪ್ರೊವೈಡೆಡ್ ಸ್ಕೋಪ್‌ನಲ್ಲೋ ಇತ್ತು. ನಿಮಗೆ ಸಿಗುತ್ತಿತ್ತು, ಬಳಸುವವರಿಗೆ ಸಿಗುತ್ತಿರಲಿಲ್ಲ. ಆದ್ದರಿಂದ ಒಂದು ಪುಟ್ಟ ಬಳಕೆದಾರ ಪ್ರಾಜೆಕ್ಟ್ ಮಾಡಿ. ಅದರಲ್ಲಿ ನಿಮ್ಮ ಲೈಬ್ರರಿ ಒಂದೇ ಡಿಪೆಂಡೆನ್ಸಿ ಇರಲಿ, ಮುಖ್ಯ ಎಪಿಐಗಳನ್ನು ಒಂದೊಂದು ಸಲ ಕರೆಯಲಿ, ನೀವು ಬೆಂಬಲಿಸುವ ಅತಿ ಹಳೆಯ ಜಾವಾದಲ್ಲಿ ಓಡಲಿ. ಇದರ ಜೊತೆಗೆ ನಿಮ್ಮ ಲೈಬ್ರರಿ ಬಳಸುವ ಎರಡು ಮೂರು ತಂಡಗಳ ನಿಜವಾದ ಪ್ರಾಜೆಕ್ಟ್‌ಗಳನ್ನು ಹೊಸ ನಂಬರಿನೊಂದಿಗೆ ಬಿಲ್ಡ್ ಮಾಡಿ ನೋಡಿ.

ಮೊದಲ ಹಳ್ಳ ಕ್ಯಾಶ್. ಸ್ಟೇಜಿಂಗ್‌ನಿಂದ 3.3.0 ಇಳಿಸಿ ನೋಡಿದಿರಿ. ದೋಷ ಸಿಕ್ಕಿತು. ಡ್ರಾಪ್ ಮಾಡಿ, ಸರಿಪಡಿಸಿ, ಮತ್ತೆ 3.3.0 ಸ್ಟೇಜ್ ಮಾಡಿದಿರಿ. ಪರೀಕ್ಷಿಸುವವರ ಎಂ2 ಫೋಲ್ಡರ್‌ನಲ್ಲಿ ಹಳೆಯ 3.3.0 ಕೂತೇ ಇದೆ! ಅವರು ಹಳೆಯದನ್ನೇ ಪರೀಕ್ಷೆ ಮಾಡಿ "ದೋಷ ಹೋಗಿಲ್ಲ" ಅನ್ನುತ್ತಾರೆ. ಇನ್ನೂ ಕೆಟ್ಟದ್ದು, ಹಳೆಯದರಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟಿದ್ದರೆ "ಎಲ್ಲ ಓಕೆ" ಅನ್ನುತ್ತಾರೆ. ಹಾಗಾಗಿ ಸ್ಟೇಜಿಂಗ್ ಪರೀಕ್ಷೆ ಪ್ರತಿ ಸಲವೂ ಖಾಲಿ ಲೋಕಲ್ ರೆಪೊದಿಂದ ಶುರುವಾಗಬೇಕು. ಮೇವನ್‌ಗೆ ಲೋಕಲ್ ರೆಪೊ ಎಲ್ಲಿದೆ ಅಂತ ಹೇಳುವ ಪ್ರಾಪರ್ಟಿ ಇದೆ. ಅದಕ್ಕೆ ಒಂದು ತಾತ್ಕಾಲಿಕ ಫೋಲ್ಡರ್ ಕೊಡಿ, ಮುಗಿದ ಮೇಲೆ ಅಳಿಸಿ. ಪ್ರತಿ ಸಲ ಹೊಸ ಕಂಟೇನರ್‌ನಲ್ಲಿ ಓಡುವ ಸಿಐ ಜಾಬ್ ಆದರೆ ಇನ್ನೂ ಸಲೀಸು. ಅಲ್ಲಿ ಯಾರಾದರೂ ವೇಗಕ್ಕಾಗಿ ಎಂ2 ಕ್ಯಾಶ್ ಜೋಡಿಸಿಟ್ಟಿದ್ದಾರಾ ಅಂತ ಒಮ್ಮೆ ನೋಡಿಕೊಳ್ಳಿ.

ಎರಡನೇ ಹಳ್ಳ ಮಿರರ್, ಅಂದರೆ ಬೇರೆ ರೆಪೊಗಳ ಬದಲು ಮೇವನ್ ಕೇಳುವ ಸರ್ವರ್. ಬಹಳ ಕಂಪನಿಗಳ ಸೆಟ್ಟಿಂಗ್ಸ್ ಫೈಲಿನಲ್ಲಿ ಎಲ್ಲ ರೆಪೊಗಳಿಗೂ ಒಂದೇ ಮಿರರ್ ಅಂತ ನಕ್ಷತ್ರ ಚಿಹ್ನೆ ಹಾಕಿರುತ್ತಾರೆ. ನೀವು ಪಾಮ್‌ನಲ್ಲೋ ಪ್ರೊಫೈಲ್‌ನಲ್ಲೋ ಸ್ಟೇಜಿಂಗ್ ರೆಪೊ ಸೇರಿಸುತ್ತೀರಿ, ಮೇವನ್ ಮಾತ್ರ ಅದನ್ನೂ ಮಿರರ್‌ಗೇ ತಿರುಗಿಸುತ್ತದೆ. ಫೈಲ್ ಸಿಗುವುದಿಲ್ಲ. ತಲೆಕೆಟ್ಟ ಯಾರೋ ಒಬ್ಬರು ಸ್ಟೇಜಿಂಗ್ ರೆಪೊವನ್ನು ಎಲ್ಲರೂ ಬಳಸುವ ಗ್ರೂಪ್ ರೆಪೊಗೆ (ಹಲವು ರೆಪೊಗಳನ್ನು ಒಂದಾಗಿ ತೋರಿಸುವುದು) ಸೇರಿಸಿಬಿಡುತ್ತಾರೆ. ಆಗ ಸಿಗುತ್ತದೆ. ಎಲ್ಲರಿಗೂ ಸಿಗುತ್ತದೆ! ಅಲ್ಲಿಗೆ ನಿಮ್ಮ ಸ್ಟೇಜಿಂಗ್ ಕಥೆ ಮುಗಿಯಿತು. ಸ್ಟೇಜಿಂಗ್ ರೆಪೊ ಯಾವ ಕಾರಣಕ್ಕೂ ಗ್ರೂಪ್ ಒಳಗೆ ಹೋಗಬಾರದು. ಸರಿಯಾದ ದಾರಿ ಮಿರರ್ ಸಾಲಿನಲ್ಲಿ ನಕ್ಷತ್ರದ ಪಕ್ಕ, ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸ್ಟೇಜಿಂಗ್‌ನ ಐಡಿ ಬರೆಯುವುದು. "ಎಲ್ಲ, ಆದರೆ ಇದೊಂದನ್ನು ಬಿಟ್ಟು" ಅಂತ ಅದರ ಅರ್ಥ. ಪರೀಕ್ಷೆಗೆಂದೇ ಬೇರೆ ಸೆಟ್ಟಿಂಗ್ಸ್ ಫೈಲ್ ಇಟ್ಟುಕೊಂಡರೆ ಯಾರ ದಿನನಿತ್ಯದ ಕೆಲಸಕ್ಕೂ ತೊಂದರೆ ಇಲ್ಲ.

ಮೂರನೆಯದು ಚಿಕ್ಕದು, ಆದರೆ ಕಾಡುತ್ತದೆ. ನೆಕ್ಸಸ್‌ನ ಪ್ರಾಕ್ಸಿ ರೆಪೊ (ಸೆಂಟ್ರಲ್‌ನಂಥ ಹೊರಗಿನ ಭಂಡಾರದಿಂದ ತಂದುಕೊಡುವುದು) "ಇಲ್ಲ" ಅನ್ನುವ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ, ಸೆಟ್ಟಿಂಗ್ ಬದಲಿಸದಿದ್ದರೆ 1440 ನಿಮಿಷ, ಅಂದರೆ ಒಂದು ಇಡೀ ದಿನ. ಸೆಂಟ್ರಲ್‌ಗೆ ಹೋಗುವ ಮುಂಚೆಯೇ ಯಾರೋ ಆತುರಗಾರರು 3.3.0 ಕೇಳಿದ್ದರೆ, ಹೋದ ಮೇಲೂ ನಿಮ್ಮ ಕಂಪನಿಯೊಳಗೆ ಅದು ಕಾಣಿಸದೆ ಇರಬಹುದು. ಹೆದರಬೇಡಿ, ಪ್ರಾಕ್ಸಿಯ ಕ್ಯಾಶ್ ಇನ್‌ವ್ಯಾಲಿಡೇಟ್ ಮಾಡಿ.

ಡ್ರಾಪ್ ಆದ ಮೇಲೆ ಅದೇ ನಂಬರ್ ಮತ್ತೆ ಬಳಸಬಹುದಾ? ಇದಕ್ಕೆ ಎರಡು ಪಂಗಡ ಇವೆ. ಹೊರಗೆ ಹೋಗಿಲ್ಲ, ಹಾಗಾಗಿ ಬಳಸಬಹುದು ಅನ್ನುವುದು ಒಂದು. ಅಪಾಚೆಯಲ್ಲಿ ನಡೆಯುವುದು ಹೆಚ್ಚಾಗಿ ಅದೇ. ಒಮ್ಮೆ ಬಳಸಿದ ನಂಬರ್ ಮತ್ತೆ ಬೇಡ ಅನ್ನುವುದು ಇನ್ನೊಂದು. ನನ್ನ ಲೆಕ್ಕ ಹೀಗೆ: ಸಿಐ ಮಾತ್ರ ಮುಟ್ಟಿದ್ದರೆ ಅದೇ ನಂಬರ್ ಸರಿ. ಮನುಷ್ಯರೊಬ್ಬರ ಲ್ಯಾಪ್‌ಟಾಪ್‌ಗೆ ಇಳಿದಿದ್ದರೆ ಆ ನಂಬರನ್ನು ಬಿಟ್ಟುಬಿಡಿ, 3.3.1 ಮಾಡಿ. 3.3.0 ಯಾಕಿಲ್ಲ ಅಂತ ಯಾರಾದರೂ ಕೇಳಿದರೆ ಒಂದು ಸಾಲಿನ ಉತ್ತರ ಸಾಕು. ನಂಬರ್‌ಗಳಿಗೇನು ಬರ ಇಲ್ಲ.

ಮೇವನ್ ಸೆಂಟ್ರಲ್ ಬಗ್ಗೆ ಒಂದು ಎಚ್ಚರಿಕೆ. ಸ್ಟೇಜಿಂಗ್ ಹೇಗೆ ಮಾಡಬೇಕು ಅಂತ ಹುಡುಕಿದರೆ ಸಿಗುವ ಹಳೆಯ ಮಾರ್ಗದರ್ಶಿಗಳು ಜಾಸ್ತಿ ಒಎಸ್‌ಎಸ್‌ಆರ್‌ಎಚ್ (ಸೆಂಟ್ರಲ್‌ಗೆ ಕಳಿಸುವ ಹಳೆಯ ಸೇವೆ) ಬಗ್ಗೆಯೇ ಇವೆ. ಅದು 2025ರ ಜೂನ್ 30ಕ್ಕೆ ಮುಚ್ಚಿದೆ. ಈಗ ಇರುವುದು ಸೆಂಟ್ರಲ್ ಪೋರ್ಟಲ್, ಅದಕ್ಕೆ ಪ್ಲಗಿನ್ ಕೂಡ ಬೇರೆ. ತತ್ವ ಅದೇ. ಫೈಲುಗಳ ಗಂಟು ಹೋಗುತ್ತದೆ, ತಪಾಸಣೆ ಆಗುತ್ತದೆ, ಪಾಸಾದರೆ "ವ್ಯಾಲಿಡೇಟೆಡ್" ಸ್ಥಿತಿಯಲ್ಲಿ ನಿಲ್ಲುತ್ತದೆ, ಆಮೇಲೆ ನೀವು ಪಬ್ಲಿಷ್ ಇಲ್ಲವೇ ಡ್ರಾಪ್ ಮಾಡಬೇಕು. ಪ್ಲಗಿನ್‌ನಲ್ಲಿ ಆಟೊ ಪಬ್ಲಿಷ್ ಅನ್ನುವ ಆಯ್ಕೆ ಇದೆ. ಸುಮ್ಮನಿದ್ದರೆ ಅದು ಆಫ್ ಆಗಿಯೇ ಇರುತ್ತದೆ, ಹಾಗೇ ಇರಲಿ. ಪಬ್ಲಿಷ್ ಮಾಡುವ ಮುಂಚೆ, ನಿಂತಿರುವ ಆ ಗಂಟನ್ನು ಟೋಕನ್ ಕೊಟ್ಟು ಇಳಿಸಿಕೊಂಡು ಪರೀಕ್ಷಿಸಲೂ ಆಗುತ್ತದೆ. ಮೇಲೆ ಹೇಳಿದ ಬಳಕೆದಾರ ಪ್ರಾಜೆಕ್ಟನ್ನು ಅಲ್ಲಿಗೂ ತಿರುಗಿಸಿ.

ಪರ್ಮಿಷನ್ ವಿಷಯ. ಬಿಲ್ಡ್ ಮಾಡುವ ಸಿಐ ಜಾಬ್‌ನ ಟೋಕನ್ ಸ್ಟೇಜಿಂಗ್‌ಗೆ ಮಾತ್ರ ಬರೆಯಬೇಕು. ರಿಲೀಸ್ ರೆಪೊಗೆ ಬರೆಯುವ ಹಕ್ಕು ಪ್ರಮೋಟ್ ಜಾಬ್ ಒಂದಕ್ಕೇ ಇರಲಿ. ಜನರ ಲ್ಯಾಪ್‌ಟಾಪ್‌ನಲ್ಲಿ ಆ ಟೋಕನ್ ಇರಲೇಬಾರದು, ತಂಡದ ಮುಖ್ಯಸ್ಥರ ಲ್ಯಾಪ್‌ಟಾಪ್‌ನಲ್ಲೂ. ಪ್ರಮೋಟ್ ಬಟನ್ ಒತ್ತುವವರು ಆ ರಿಲೀಸನ್ನು ಸಿದ್ಧಪಡಿಸಿದವರೇ ಆಗಿರಬಾರದು. ಅಪಾಚೆಯಲ್ಲಿ ಕನಿಷ್ಠ ಮೂರು ಅಧಿಕೃತ ಒಪ್ಪಿಗೆ ಬೇಕು, ಮತಕ್ಕೆ ಸಾಮಾನ್ಯವಾಗಿ 72 ಗಂಟೆ ಕೊಡುತ್ತಾರೆ. ಅಲ್ಲಿ ಜಗತ್ತಿನ ಬೇರೆ ಬೇರೆ ಮೂಲೆಯಲ್ಲಿ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರಿದ್ದಾರೆ, ಅವರಿಗೆ ಅದು ಸರಿ. ಏಳು ಜನರ ತಂಡಕ್ಕೆ ಇನ್ನೊಂದು ಜೊತೆ ಕಣ್ಣು ಸಾಕು.

ಎಷ್ಟು ಹೊತ್ತು ಕಾಯಿಸಬೇಕು? ನಿಮ್ಮಂಥ ಒಳಗಿನ ಲೈಬ್ರರಿಗೆ ದಿನಗಳ ಲೆಕ್ಕ ಬೇಡ. ಬಳಕೆದಾರ ಪ್ರಾಜೆಕ್ಟ್‌ಗಳು ಹಸಿರಾದರೆ ಮತ್ತು ಇನ್ನೊಬ್ಬರು ನೋಡಿದರೆ ಸಾಕು. ಹೊರಗಿನ ಜಗತ್ತಿಗೆ ಹೋಗುವ ದೊಡ್ಡ ವ್ಯವಸ್ಥೆಗಳ ಮಾತು ಬೇರೆ. ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ ಒಂದು ಪ್ಯಾಕೇಜ್ ಅನ್‌ಸ್ಟೇಬಲ್‌ನಿಂದ ಟೆಸ್ಟಿಂಗ್‌ಗೆ ಹೋಗಲು ತುರ್ತು ನೋಡಿಕೊಂಡು 2, 5 ಅಥವಾ 10 ದಿನ ಕಾಯುತ್ತದೆ. ಇನ್ನೊಂದು ಲಿನಕ್ಸ್ ಆದ ಉಬುಂಟು ತನ್ನ ಸ್ಟೇಬಲ್ ಆವೃತ್ತಿಯ ಅಪ್‌ಡೇಟನ್ನು ಪ್ರೊಪೋಸ್ಡ್ ಅನ್ನುವ ಪರೀಕ್ಷಾ ಭಂಡಾರದಲ್ಲಿ ಸಾಮಾನ್ಯವಾಗಿ ಕನಿಷ್ಠ 7 ದಿನ ಇಡುತ್ತದೆ.

ಈ ಕಾಯುವಿಕೆಯಿಂದ ಏನು ಲಾಭ ಅನ್ನುವುದಕ್ಕೆ ಫೈಲ್ ಕುಗ್ಗಿಸುವ ಸಾಧನವಾದ ಎಕ್ಸ್‌ಝಡ್‌ನ ಪ್ರಕರಣ ನೋಡಿ. 2024ರ ಫೆಬ್ರವರಿಯಲ್ಲಿ ಬಂದ ಎಕ್ಸ್‌ಝಡ್ 5.6.0 ಮತ್ತು ಮಾರ್ಚ್‌ನ 5.6.1ರಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಅಡಗಿತ್ತು. ಮಾರ್ಚ್ 29ಕ್ಕೆ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಡೆವಲಪರ್ ಅದನ್ನು ಬಯಲಿಗೆ ತಂದರು. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಪ್ರವೇಶ) ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ತೆಗೆದುಕೊಳ್ಳುತ್ತಿದೆ ಅಂತ ಬೆನ್ನು ಹತ್ತಿದವರು ಅವರು. ಅಷ್ಟರಲ್ಲಿ ಅದು ಡೆಬಿಯನ್ ಟೆಸ್ಟಿಂಗ್‌ಗೆ ತಲುಪಿತ್ತು, ಡೆಬಿಯನ್ ಸ್ಟೇಬಲ್‌ಗೆ ಹೋಗಿರಲಿಲ್ಲ. ಹಿಡಿದದ್ದು ಹಂತಗಳಲ್ಲ, ಒಬ್ಬ ಮನುಷ್ಯನ ಅನುಮಾನ. ಆದರೆ ಆ ಅನುಮಾನಕ್ಕೆ ಕಾಲಾವಕಾಶ ಕೊಟ್ಟದ್ದು ಹಂತಗಳು. ಇನ್ನೊಂದು ವಿಷಯ ಗಮನಿಸಿ. ಆ ಹಿಂಬಾಗಿಲನ್ನು ಎಬ್ಬಿಸುವ ಸ್ಕ್ರಿಪ್ಟ್ ಗಿಟ್‌ನಲ್ಲಿ ಇರಲಿಲ್ಲ, ರಿಲೀಸ್ ಟಾರ್‌ಬಾಲ್‌ನಲ್ಲಿ (ಹೊರಬಿಟ್ಟ ಫೈಲುಗಳ ಗಂಟು) ಮಾತ್ರ ಇತ್ತು. ಕೋಡ್ ನೋಡಿದ್ದೇವೆ, ಸಾಕು ಅನ್ನುವವರಿಗೆ ಇದನ್ನು ತೋರಿಸಿ.

"ತುರ್ತು ಇದ್ದಾಗ ಸ್ಟೇಜಿಂಗ್ ದಾಟಿ ನೇರ ಹಾಕಬಹುದಾ?" ಅಂತ ನಿಮ್ಮ ತಂಡದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ. ಕಾಯುವ ಹೊತ್ತನ್ನು ಕಡಿಮೆ ಮಾಡಿ, ದಾರಿಯನ್ನು ಬದಲಿಸಬೇಡಿ. "ಇದು ಕೋಡ್ ಅಲ್ಲ, ಬರೀ ಕಾನ್ಫಿಗ್" ಅನ್ನುವುದೂ ಅದೇ ಜಾತಿಯ ಮಾತು. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿದ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಅಪ್‌ಡೇಟ್ ಹೊಸ ಪ್ರೋಗ್ರಾಂ ಆವೃತ್ತಿ ಆಗಿರಲಿಲ್ಲ, ಒಂದು ಕಂಟೆಂಟ್ ಫೈಲ್ ಆಗಿತ್ತು. ಅಂಥ ಫೈಲುಗಳನ್ನೂ ಹಂತ ಹಂತವಾಗಿ ಬಿಡುತ್ತೇವೆ ಅಂತ ಕಂಪನಿ ಆಮೇಲೆ ಹೇಳಿತು.

ಜಾವಾ ಬಿಟ್ಟು ಬೇರೆ ಏನಾದರೂ ನಿಮ್ಮಲ್ಲಿದ್ದರೆ ಎರಡು ಮಾತು. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಎನ್‌ಪಿಎಂನಲ್ಲಿ "ನೆಕ್ಸ್ಟ್" ಅನ್ನುವ ಟ್ಯಾಗ್ ಹಾಕಿ ಬಿಡುವುದನ್ನು ಕೆಲವರು ಸ್ಟೇಜಿಂಗ್ ಅಂತ ಕರೆಯುತ್ತಾರೆ. ಅದು ಸ್ಟೇಜಿಂಗ್ ಅಲ್ಲ. ಪ್ಯಾಕೇಜ್ ಆಗಲೇ ಬಹಿರಂಗ ಆಗಿದೆ, ನಂಬರ್ ಖರ್ಚಾಗಿದೆ. ಮುಂಚೆಯೇ ನೋಡಬೇಕಿದ್ದರೆ ಪ್ಯಾಕ್ ಮಾಡಿದ ಫೈಲನ್ನು ನಿಮ್ಮದೇ ಖಾಸಗಿ ರಿಜಿಸ್ಟ್ರಿಗೆ ಹಾಕಿ, ಒಪ್ಪಿಗೆಯಾದರೆ ಆ ಫೈಲನ್ನೇ ಪಬ್ಲಿಷ್ ಮಾಡಿ. ಪೈಥಾನ್‌ಗೆ ಪೈಪಿಐ ಅನ್ನುವ ಸಾರ್ವಜನಿಕ ಭಂಡಾರದ ಜೊತೆಗೆ ಟೆಸ್ಟ್ ಪೈಪಿಐ ಇದೆ, ಒಂದೇ ವೀಲ್ ಫೈಲನ್ನು (ಪ್ಯಾಕೇಜಿನ ಗಂಟು) ಮೊದಲು ಅಲ್ಲಿಗೆ, ಆಮೇಲೆ ಪೈಪಿಐಗೆ ಏರಿಸಬಹುದು. ಆದರೆ ಪ್ಯಾಕೇಜ್ ಇಳಿಸುವ ಪಿಪ್‌ಗೆ ಎಕ್ಸ್‌ಟ್ರಾ ಇಂಡೆಕ್ಸ್ (ಇನ್ನೊಂದು ಭಂಡಾರದ ವಿಳಾಸ) ಕೊಡುವಾಗ ಹುಷಾರು. ಅದು ಎರಡೂ ಇಂಡೆಕ್ಸ್‌ಗಳನ್ನು ಸಮಾನವಾಗಿ ನೋಡುತ್ತದೆ, ದೊಡ್ಡ ನಂಬರ್ ಎಲ್ಲಿದ್ದರೆ ಅಲ್ಲಿಂದ ಎತ್ತಿಕೊಳ್ಳುತ್ತದೆ. 2021ರಲ್ಲಿ ಸುದ್ದಿಯಾದ ಡಿಪೆಂಡೆನ್ಸಿ ಕನ್ಫ್ಯೂಷನ್ ದಾಳಿ (ಕಂಪನಿಯ ಒಳಗಿನ ಪ್ಯಾಕೇಜಿನ ಹೆಸರಿನಲ್ಲೇ ಹೊರಗೆ ದೊಡ್ಡ ನಂಬರಿನ ನಕಲಿ ಇಡುವುದು) ಈ ಥರದ ಗುಣವನ್ನೇ ಬಳಸಿಕೊಂಡಿತ್ತು. ಡಾಕರ್‌ನಲ್ಲಿ ಟ್ಯಾಗ್ ನಂಬಬೇಡಿ, ಅದು ಇವತ್ತು ಒಂದು ಇಮೇಜಿಗೆ, ನಾಳೆ ಇನ್ನೊಂದಕ್ಕೆ ತೋರಿಸಬಹುದು. ಪರೀಕ್ಷೆಯನ್ನೂ ಪ್ರಮೋಷನ್ನನ್ನೂ ಡೈಜೆಸ್ಟ್ (ಇಮೇಜಿನ ಚೆಕ್‌ಸಮ್) ಹಿಡಿದೇ ಮಾಡಿ.

ಹಳೆಯ ಸ್ಟೇಜಿಂಗ್ ರೆಪೊಗಳನ್ನು ಗುಡಿಸುವ ಒಂದು ಜಾಬ್ ಇಡಿ. ಎರಡು ವಾರ ಯಾರೂ ತಿರುಗಿ ನೋಡದಿದ್ದರೆ ತಾನೇ ಡ್ರಾಪ್ ಆಗಲಿ.

ಇಷ್ಟೆಲ್ಲ ಸೆಟ್ ಮಾಡಿದ ಮೇಲೆ ನಿಜವಾದ ರಿಲೀಸಿಗಾಗಿ ಕಾಯಬೇಡಿ. ಬೇಕಂತಲೇ ಕೆಟ್ಟ ರಿಲೀಸ್ ಒಂದನ್ನು ಮಾಡಿ. ಪಾಮ್‌ನಿಂದ ಅದೇ 3.2.0ರ ಡಿಪೆಂಡೆನ್ಸಿ ತೆಗೆಯಿರಿ, ಒಂದು ಮಾಡ್ಯೂಲ್ ಬಿಡಿ, ಒಂದು ಸ್ನ್ಯಾಪ್‌ಶಾಟ್ ಸೇರಿಸಿ. ಸ್ಟೇಜಿಂಗ್‌ಗೆ ಕಳಿಸಿ. ಎಲ್ಲಿ ಸಿಕ್ಕಿಬೀಳುತ್ತದೆ, ಯಾರಿಗೆ ಸಂದೇಶ ಹೋಗುತ್ತದೆ, ಡ್ರಾಪ್ ಸಲೀಸಾಗಿ ಆಗುತ್ತದಾ ಅಂತ ನೋಡಿ. ಆಮೇಲೆ ಬಿಲ್ಡ್ ಜಾಬ್‌ನ ಟೋಕನ್ ಹಿಡಿದು ರಿಲೀಸ್ ರೆಪೊಗೆ ನೇರ ಬರೆಯಲು ಪ್ರಯತ್ನಿಸಿ. ಸರ್ವರ್ 403 (ಅನುಮತಿ ಇಲ್ಲ) ಅಂತ ಬಾಗಿಲು ಹಾಕಬೇಕು. 201 (ಬರೆದಾಯಿತು) ಬಂದರೆ ಪರ್ಮಿಷನ್ ಪುಟಕ್ಕೆ ವಾಪಸ್ ಹೋಗಿ.